ತೋಟದ ಹಳೇ ನಕ್ಷೆಗೆ ಲ್ಯಾಮಿನೇಷನ್ ಬೇಡ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟವಿದೆ. ಅಜ್ಜನ ಟ್ರಂಕಿನಲ್ಲಿ ಸುತ್ತಿಟ್ಟ ಮೂರು ನಕ್ಷೆಗಳು (ಎರಡು ಬಟ್ಟೆಯಂಥವು, ಒಂದು ನೀಲಿ), ಜೊತೆಗೆ ಗಡಿ ವ್ಯಾಜ್ಯದ ಒಂದು ಕಟ್ಟು ಕೋರ್ಟ್ ಕಾಗದ ಸಿಕ್ಕಿವೆ. ಲ್ಯಾಮಿನೇಷನ್ ಮಾಡಿಸಬಹುದೇ? ಪಟ್ಟಿ ಹೇಗೆ ಮಾಡಬೇಕು?

ಉತ್ತರ: ಲ್ಯಾಮಿನೇಷನ್ ಮಾಡಿಸಲೇಬೇಡಿ. ಬಿಸಿಗೆ ಕರಗಿದ ಅಂಟು ಕಾಗದದ ನಾರಿಗೆ ಇಳಿದ ಮೇಲೆ ಬಿಡಿಸುವುದು ಕಷ್ಟ. ಒಳಗಿನ ಆಮ್ಲವೂ ಅಲ್ಲೇ ಉಳಿದು ಹಾಳೆಯನ್ನು ತಿನ್ನುತ್ತದೆ. ಸೆಲ್ಲೋಟೇಪೂ ಬೇಡ, ಅದರ ಕಂದು ಕಲೆ ಹೋಗುವುದಿಲ್ಲ.

ಬಟ್ಟೆಯಂಥವು ಬಹುಶಃ ಟ್ರೇಸಿಂಗ್ ಕ್ಲಾತ್, ಅಂದರೆ ಗಂಜಿ ಹಾಕಿ ನುಣುಪಾಗಿಸಿದ ಅರೆಪಾರದರ್ಶಕ ಬಟ್ಟೆ. ಒಂದು ಹನಿ ನೀರು ಬಿದ್ದರೂ ಗಂಜಿ ಬಿಟ್ಟು ಆ ಜಾಗ ಬಿಳಿಚಿ ಸುಕ್ಕಾಗುತ್ತದೆ. ಹಾಗಾಗಿ ಒದ್ದೆ ಬಟ್ಟೆ, ಆವಿ, ಇಸ್ತ್ರಿ ಯಾವುದೂ ಬೇಡ. ಮಳೆ ಇಲ್ಲದ ದಿನ ಮೆಲ್ಲಗೆ ಬಿಚ್ಚಿ, ಮೆತ್ತನೆಯ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ದೂಳು ತೆಗೆದು, ಶುಭ್ರ ಬಟ್ಟೆ ಸುತ್ತಿದ ಪುಸ್ತಕಗಳನ್ನು ಅಂಚಿಗೆ ಹೇರಿ ಕೆಲವು ದಿನ ಬಿಡಿ. ಚಪ್ಪಟೆಯಾಗಿ ಇಡಲು ಜಾಗವಿಲ್ಲದಿದ್ದರೆ ಕನಿಷ್ಠ 10 ಸೆಂಟಿಮೀಟರ್ ವ್ಯಾಸದ ರಟ್ಟಿನ ಕೊಳವೆಗೆ ಆಮ್ಲರಹಿತ ಕಾಗದ ಸುತ್ತಿ, ಅದರ ಮೇಲೆ ನಕ್ಷೆ ಸುತ್ತಿ. ಕೊಳವೆಯ ಒಳಗೆ ತುರುಕಬೇಡಿ, ಪಿವಿಸಿ ಪೈಪೂ ಬೇಡ.

ನೀಲಿ ನಕ್ಷೆ ಬ್ಲೂಪ್ರಿಂಟ್ ಇರಬೇಕು. ಅದರ ನೀಲಿ ಬಣ್ಣಕ್ಕೆ ಬೆಳಕಿನಷ್ಟೇ ಕ್ಷಾರವೂ ಶತ್ರು. ಆಮ್ಲರಹಿತ ಎಂದು ಮಾರುವ ಕಾಗದಕ್ಕೆ ಹೆಚ್ಚಾಗಿ ಸುಣ್ಣದ ಅಂಶ ಸೇರಿಸಿರುತ್ತಾರೆ. ಇದಕ್ಕೆ ಮಾತ್ರ ಸುಣ್ಣ ಸೇರಿಸದ, ತಟಸ್ಥ ಕಾಗದ ಕೇಳಿ, ಬೇರೆಯೇ ಇಡಿ.

ಕೋರ್ಟ್ ಕಾಗದದ ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬೇಡಿ. ಅಡಿಗೆ ತೆಳು ಪ್ಲಾಸ್ಟಿಕ್ ಚೂರು ತೂರಿಸಿ, ಕಾಗದವನ್ನು ಒಂದೊಂದಾಗಿ ಜಾರಿಸಿ. ನೇರಳೆ ಕಾಪಿಯಿಂಗ್ ಪೆನ್ಸಿಲ್ ಬರಹ ತೇವ ತಗುಲಿದರೆ ಹರಡುತ್ತದೆ. ಅಕ್ಷರದ ಸುತ್ತ ಕಂದು ಅಂಚು ಮೂಡಿ ಹಾಳೆ ಬಿರುಕು ಬಿಟ್ಟಿದ್ದರೆ ಅದು ಕಬ್ಬಿಣದ ಮಸಿ. ಆ ಹಾಳೆ ಮಡಚದೆ ಸಂರಕ್ಷಣಾ ತಜ್ಞರಿಗೆ ಕೊಡಿ. ಗಾಳಿಯ ತೇವಾಂಶ 65% ದಾಟಿದರೆ ಬೂಷ್ಟು ಏಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಒಣಗಿಸಿ. ನುಸಿಗುಳಿಗೆ ಬೂಷ್ಟನ್ನು ತಡೆಯದು.

ಇನ್ನು ಪಟ್ಟಿ. ಕಟ್ಟು ಬಿಚ್ಚುವ ಮೊದಲು ಇದ್ದ ಕ್ರಮದಲ್ಲೇ ಫೋಟೊ ತೆಗೆಯಿರಿ. ಯಾವ ಕಾಗದ ಯಾವುದರ ಜೊತೆಗಿತ್ತು ಎಂಬುದೇ ಅರ್ಧ ಮಾಹಿತಿ. ನಂಬರನ್ನು ಹಿಂಬದಿ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ನಕ್ಷೆಗೆ: ಶೀರ್ಷಿಕೆ, ಸರ್ವೆ ನಂಬರ್, ಸ್ಕೇಲು, ಅಳತೆ, ವಸ್ತು, ಸ್ಥಿತಿ. ಸರ್ವೆ ನಂಬರನ್ನು ನಕ್ಷೆಯಲ್ಲಿದ್ದಂತೆಯೇ ಬರೆಯಿರಿ. ಪೋಡಿಯಾಗಿ (ಜಮೀನು ಭಾಗವಾಗಿ) ಬದಲಾದ ಇಂದಿನ ನಂಬರಿಗೆ ಬೇರೆ ಕಾಲಂ ಇರಲಿ. ಇದನ್ನು ಬೆರೆಸಿದರೆ ಮುಂದೆ ಯಾರಿಗೂ ತಾಳೆಯಾಗದು. ವಿಸ್ತೀರ್ಣವನ್ನು ಎಕರೆ-ಗುಂಟೆಯಲ್ಲೇ ಬಿಡಿ, 40 ಗುಂಟೆಗೆ ಎಕರೆ. ದಶಮಾಂಶಕ್ಕೆ ಇಳಿಸಹೋಗಿ 2 ಎಕರೆ 20 ಗುಂಟೆಯನ್ನು 2.20 ಎಂದು ಬರೆಯುವ ತಪ್ಪು ಸಾಮಾನ್ಯ, ಅದು 2.50.

ಕೋರ್ಟ್ ಕಾಗದಕ್ಕೆ: ನ್ಯಾಯಾಲಯ, ದಾವಾ ನಂಬರ್ ಮತ್ತು ವರ್ಷ, ವಾದಿ-ಪ್ರತಿವಾದಿ, ಕಾಗದದ ಬಗೆ, ಪ್ರಮಾಣೀಕೃತ ನಕಲೋ ಮೂಲವೋ. ನಕ್ಷೆ ಆ ದಾವೆಯಲ್ಲಿ ನಿಶಾನೆಯಾಗಿದ್ದರೆ (ಸಾಕ್ಷ್ಯವಾಗಿ ಗುರುತಿಸಿದ ದಾಖಲೆಯಾಗಿದ್ದರೆ) ಅದರ ಮೇಲೆ ನಿಶಾನೆ ಸಂಖ್ಯೆ, ಸಹಿ ಇರುತ್ತದೆ. ಎರಡೂ ಪಟ್ಟಿಯಲ್ಲಿ ಪರಸ್ಪರ ನಂಬರ್ ಕೊಡಿ. ಸಂವತ್ಸರದ ಹೆಸರಷ್ಟೇ ಇದ್ದರೆ ಅದನ್ನೇ ಬರೆದು, ಇಸವಿಯನ್ನು ಚೌಕ ಆವರಣದಲ್ಲಿ ಹಾಕಿ: ಪ್ರಭವ 1867-68ರಲ್ಲೂ 1927-28ರಲ್ಲೂ ಬಂದಿದೆ.

ಸ್ಕ್ಯಾನಿಗೆ 300-400 ಡಿಪಿಐ ಸಾಕು. ಹಾಳೆಯನ್ನು ರೋಲರ್ ಎಳೆಯುವ ಯಂತ್ರಕ್ಕೆ ಕೊಡಬೇಡಿ. ಪಕ್ಕದಲ್ಲಿ ಅಡಿಕೋಲು ಇಟ್ಟು, ಮೇಲಿನಿಂದ ತೆಗೆಸಿ.