ಓದುಗರ ಪ್ರಶ್ನೆ: ಅಬು ಸಿಂಬೆಲ್‌ನ ಮುರಿದ ಮೂರ್ತಿ

ಪ್ರಶ್ನೆ: ಈಜಿಪ್ಟಿನ ಅಬು ಸಿಂಬೆಲ್ ದೇಗುಲವನ್ನೇ ಎತ್ತಿ ಬೇರೆಡೆ ಇಟ್ಟವರು ಮುಂಭಾಗದ ಮುರಿದ ಮೂರ್ತಿಯನ್ನೇಕೆ ಜೋಡಿಸಲಿಲ್ಲ? ಅಸ್ವಾನ್‌ನಿಂದ ಒಂದೇ ದಿನದಲ್ಲಿ ಹೋಗಿಬರಬಹುದೇ?

ಉತ್ತರ: ಅದು ಸಾಗಿಸುವಾಗ ಮುರಿದದ್ದಲ್ಲ. ಈಜಿಪ್ಟಿನ ರಾಜ ಎರಡನೇ ರಾಮ್ಸೆಸ್‌ನ ನಾಲ್ಕು ಮೂರ್ತಿಗಳಲ್ಲಿ ಎಡದಿಂದ ಎರಡನೆಯದು ಪ್ರಾಚೀನ ಕಾಲದ ಭೂಕಂಪದಲ್ಲೇ ಒಡೆದಿತ್ತು. ಅಸ್ವಾನ್ ಅಣೆಕಟ್ಟಿನ ಹಿನ್ನೀರಿನಿಂದ ಉಳಿಸಲು 1964–68ರಲ್ಲಿ ದೇಗುಲವನ್ನು ಕೊಯ್ದು ಸುಮಾರು 65 ಮೀಟರ್ ಮೇಲೆ ಮರುಜೋಡಿಸಿದಾಗ, ಕಳಚಿದ ತಲೆಯನ್ನೂ ಬಿದ್ದಿದ್ದಂತೆಯೇ ಕಾಲಬುಡದಲ್ಲಿಟ್ಟರು. ಒಳ್ಳೆಯ ನಿರ್ಧಾರವೇ, ಭೂಕಂಪವೂ ಅದರ ಚರಿತ್ರೆಯ ಭಾಗ ತಾನೇ?

ಹೋಗಿಬರಬಹುದು. ರಸ್ತೆ ಸುಮಾರು 280 ಕಿ.ಮೀ., ನಸುಕಿನಲ್ಲೇ ಹೊರಡಿ. ಮುಂಭಾಗ ಪೂರ್ವಕ್ಕಿರುವುದರಿಂದ ಮಧ್ಯಾಹ್ನದ ಮೇಲೆ ಮೂರ್ತಿಗಳ ಮುಖಕ್ಕೆ ನೆರಳು ಬಿದ್ದು ಫೋಟೊ ಮಂಕಾಗುತ್ತದೆ. ಬಸ್ಸಿಳಿದವರೆಲ್ಲ ದೊಡ್ಡ ಗುಡಿಗೆ ನುಗ್ಗಿದರೆ ನೀವು ಮೊದಲು ಪಕ್ಕದ, ರಾಮ್ಸೆಸ್‌ನ ರಾಣಿ ನೆಫರ್ತಾರಿಯ ಗುಡಿ ನೋಡಿ. ಅದರ ಮುಂಭಾಗದಲ್ಲಿ ರಾಣಿಯ ಮೂರ್ತಿಗಳೂ ರಾಜನಷ್ಟೇ ಎತ್ತರ. ಈಜಿಪ್ಟಿನಲ್ಲಿ ಇದು ತೀರಾ ಅಪರೂಪ.