ಅಳಿಸಿ ಹಾಕಿದ ಮೈನಸ್ 20

ವರ್ಷಕ್ಕೆ ನಾಲ್ಕೈದು ಸಲವಾದರೂ ಈ ದೂರು ನನ್ನ ಆಪ್ತಸಲಹೆಯ ಕೋಣೆಗೆ ಬರುತ್ತದೆ. ಮಗಳು ರಾತ್ರಿ ಒಂದು ಗಂಟೆಯವರೆಗೆ ಕೂತು ಹೋಂವರ್ಕ್ ಬರೆಯುತ್ತಾಳೆ, ಪುಸ್ತಕ ನೋಡಿದರೆ ಎಲ್ಲ ಸರಿಯಾಗಿದೆ, ಪರೀಕ್ಷೆಯಲ್ಲಿ ಮಾತ್ರ ಕೈ ಓಡುವುದಿಲ್ಲ, ಈಗ ನಿದ್ದೆಯೂ ಹೋಗಿದೆ. ‘ಸ್ವಲ್ಪ ಬುದ್ಧಿ ಹೇಳಿ ಮೇಡಂ’ ಎಂಬುದು ಕೊನೆಯ ಸಾಲು.

ಈ ಹುಡುಗಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಳು. ತಂದೆ ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಮಂಡಿಯೊಂದರ ಲೆಕ್ಕ ಬರೆಯುವವರು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಭೌತಶಾಸ್ತ್ರದ ಲೆಕ್ಕಗಳನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿದ್ದೇನೆ.

ಮೊದಲ ಎರಡು ಭೇಟಿಗಳು ನಿದ್ದೆ, ಊಟ, ಮೊಬೈಲುಗಳಲ್ಲೇ ಕಳೆದವು. ಮೂರನೆಯ ಸಲ ತಂದೆಯೂ ಬಂದಿದ್ದರು. ಹೋಂವರ್ಕ್ ಪುಸ್ತಕ ತೆಗೆಯಲು ಹೇಳಿದೆ. ಮುತ್ತಿನಂತಹ ಅಕ್ಷರ. ಹಾಳೆಗಳ ನಡುವಿನಿಂದ ರಬ್ಬರಿನ ಪುಡಿ ನನ್ನ ಮೇಜಿನ ಮೇಲೆ ಉದುರಿತು.

ಒಂದು ಲೆಕ್ಕದ ಕಡೆ ಬೆರಳಿಟ್ಟೆ. ಪೀನ ಮಸೂರದ ಸಂಗಮದೂರ 20 ಸೆಂಟಿಮೀಟರ್, ವಸ್ತು ಇರುವುದು 10 ಸೆಂಟಿಮೀಟರ್ ದೂರದಲ್ಲಿ; ಪ್ರತಿಬಿಂಬ ಎಲ್ಲಿ ಮೂಡುತ್ತದೆ? ಉತ್ತರ ಮೈನಸ್ 20 ಎಂದು ಬರೆದಿತ್ತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ, ಅಳಿಸಿದ ಪೆನ್ಸಿಲ್ಲಿನ ಗುರುತು ಅದೇ ಸಾಲಿನ ಕೆಳಗೆ ಕಾಣಿಸಿತು. ಅದೂ ಮೈನಸ್ 20.

‘ಮೊದಲು ಬಂದ ಉತ್ತರವನ್ನೇ ಅಳಿಸಿ ಮತ್ತೆ ಅದನ್ನೇ ಬರೆದಿದ್ದೀಯಲ್ಲ?’

ಅವಳೂ ಬಗ್ಗಿ ನೋಡಿದಳು. ತನಗೆ ಬಂದ ಉತ್ತರವನ್ನು ಅಳಿಸಿ, ಮೊಬೈಲಿನಲ್ಲಿ ಬಿಡಿಸಿಟ್ಟ ಲೆಕ್ಕವನ್ನು ಇಳಿಸಿಕೊಂಡಿದ್ದಳು. ಎರಡೂ ಒಂದೇ ಎಂಬುದು ಅವಳ ಗಮನಕ್ಕೇ ಬಂದಿರಲಿಲ್ಲ.

‘ಚಿಹ್ನೆಗಳ ನಿಯಮ ಗೊತ್ತು ಮೇಡಂ’ ಎಂದಳು. ‘ಆದರೆ ನನ್ನ ಕೈಯಲ್ಲಿ ಮೈನಸ್ ಬಂದರೆ ಅದು ತಪ್ಪಿನಿಂದಲೇ ಬಂದಿರುತ್ತದೆ ಅನ್ನಿಸುತ್ತದೆ.’

ನಾನು ಕಲಾ ವಿಭಾಗದಲ್ಲಿ ಓದಿದವಳು. ಹಾಗಾಗಿ ನಟನೆಯಿಲ್ಲದೆಯೇ ಕೇಳಿದೆ: ಅದು ತಪ್ಪಲ್ಲದಿದ್ದರೆ ಏನರ್ಥ? ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ರತಿಬಿಂಬ ವಸ್ತು ಇರುವ ಕಡೆಯೇ ಮೂಡುತ್ತದೆ, ಪರದೆಯ ಮೇಲೆ ಹಿಡಿಯಲು ಬರುವುದಿಲ್ಲ, ಎರಡು ಪಟ್ಟು ದೊಡ್ಡದಾಗಿ, ನೇರವಾಗಿ ಕಾಣುತ್ತದೆ ಎಂದಳು. ‘ತಾತ ಪಂಚಾಂಗ ನೋಡಲು ಹಿಡಿಯುತ್ತಿದ್ದ ಭೂತಗನ್ನಡಿ ಇದೇ’ ಎಂದು ತಾನೇ ಸೇರಿಸಿದಳು.

ಮುಂದಿನ ಹಾಳೆಯಲ್ಲಿ ಸಮ್ಮಿಲನ ಕ್ರಿಯೆ ಇತ್ತು. ಹೈಡ್ರೋಜನ್ನಿನ ಎರಡು ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಸೇರಿ ಹೀಲಿಯಂ ಮತ್ತು ಒಂದು ನ್ಯೂಟ್ರಾನ್ ಆಗುತ್ತವೆ. ಪರಮಾಣು ದ್ರವ್ಯರಾಶಿಯ ಮಾನದಲ್ಲಿ ಎಡಗಡೆಯ ಮೊತ್ತ 5.030151, ಬಲಗಡೆಯದು 5.011268. ಎರಡೂ ಕೂಡಿಕೆಗಳನ್ನು ಅವಳು ಮೂರು ಸಲ ಅಳಿಸಿದ್ದಳು. ಕಾಗದ ತೂತಾಗುವುದೊಂದು ಬಾಕಿಯಿತ್ತು.

ತಂದೆ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಕನ್ನಡಕ ಹಾಕಿಕೊಂಡು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ‘ತಾಳೆಯಾಗುತ್ತಿಲ್ಲವಲ್ಲ’ ಎಂದರು. ಆ ಮನೆಯಲ್ಲಿ ಈ ಮಾತಿಗೆ ಎಷ್ಟು ತೂಕವಿದೆಯೆಂದು ಮಗಳ ಮುಖ ನೋಡಿ ತಿಳಿಯಿತು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ಮಂಡಿ ಬಿಟ್ಟು ಏಳದ ಮನುಷ್ಯ ಅವರು.

‘ಆಗಬಾರದು ಅಪ್ಪ’ ಎಂದಳು ಮೆಲ್ಲಗೆ. ‘ಕಣಗಳ ಎಣಿಕೆ ಸರಿಯಿದೆ. ಎರಡು ಮೂರು ಐದು. ಈ ಕಡೆ ನಾಲ್ಕು ಒಂದು ಐದು. ತೂಕ ಮಾತ್ರ ಕಡಿಮೆ. ಆ 0.018883 ಶಕ್ತಿಯಾಗಿ ಹೊರಗೆ ಬರುತ್ತದೆ. ಒಂದು ಮಾನಕ್ಕೆ 931.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ; ಅದರಿಂದ ಗುಣಿಸಿದರೆ ಸುಮಾರು 17.6. ಅದೇ ಉತ್ತರ.’

ಅವರು ಅಂಕಿಗಳ ಮೇಲೆ ಬೆರಳಾಡಿಸಿದರು. ‘ಚೀಲ ಅಷ್ಟೇ, ತೂಕ ಕಡಿಮೆ. ಮೆಣಸಿನಕಾಯಿ ದಾಸ್ತಾನಿನಲ್ಲಿ ಒಣಗಿದರೆ ನಮಗೂ ಹೀಗೆ ಬರುತ್ತದೆ. ಅದಕ್ಕೆ ಯಾರನ್ನೂ ಬೈಯುವುದಿಲ್ಲ. ಅದಕ್ಕೂ ಒಂದು ಸಾಲು ಬರೆಯುತ್ತೇವೆ.’

ಒಣಗುವ ಮೆಣಸಿನಕಾಯಿಗೂ ಪರಮಾಣು ಬೀಜಕ್ಕೂ ಸಂಬಂಧವಿಲ್ಲ: ಅಲ್ಲಿ ಹೋಗುವುದು ನೀರು, ಇಲ್ಲಿ ದ್ರವ್ಯರಾಶಿಯೇ ಇಳಿಯುತ್ತದೆ. ಅದನ್ನು ಮಗಳೇ ತಿದ್ದಿದಳು. ಅಪ್ಪನನ್ನು ತಿದ್ದುವಾಗ ಅವಳ ದನಿ ಮೊದಲ ಬಾರಿಗೆ ಎತ್ತರದಲ್ಲಿತ್ತು. ಬೆಂಗಳೂರಿನಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದ ಸಿ.ವಿ. ರಾಮನ್ ಕೂಡ ಮೊದಲ ಹತ್ತು ವರ್ಷ, 1907ರಿಂದ 1917ರವರೆಗೆ, ಸರ್ಕಾರದ ಲೆಕ್ಕಪತ್ರಗಳ ಕೆಲಸದಲ್ಲೇ ಇದ್ದವರು ಎಂದು ಹೇಳಲು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಇಂತಹ ಮಕ್ಕಳಿಗೆ ದೊಡ್ಡವರ ಉದಾಹರಣೆ ಕೊಟ್ಟರೆ ಅದೂ ಒಂದು ಪಠ್ಯಪುಸ್ತಕವಾಗುತ್ತದೆ.

ನಾನು ಕೊಟ್ಟ ಸಲಹೆ ಸಣ್ಣದು. ಮೂರು ವಾರ ಭೌತಶಾಸ್ತ್ರಕ್ಕೆ ಪೆನ್ಸಿಲ್, ರಬ್ಬರ್ ಬೇಡ, ಪೆನ್ನು ಮಾತ್ರ. ತಪ್ಪೆನಿಸಿದ್ದಕ್ಕೆ ಒಂದು ಗೆರೆ ಎಳೆಯಬಹುದು, ಆದರೆ ಕೆಳಗಿನದು ಓದಲು ಬರುವಂತಿರಬೇಕು. ಬಿಡಿಸಿಟ್ಟ ಲೆಕ್ಕವನ್ನು ನೋಡಬಹುದು. ನೋಡುವ ಮೊದಲು ತಾನು ಎಲ್ಲಿ ಸಿಕ್ಕಿಕೊಂಡೆ ಎಂಬುದನ್ನು ಒಂದು ಸಾಲಿನಲ್ಲಿ, ಕನ್ನಡದಲ್ಲಾದರೂ ಸರಿ, ಬರೆಯಬೇಕು. ಹನ್ನೊಂದಕ್ಕೆ ಪುಸ್ತಕ ಮುಚ್ಚಬೇಕು, ಲೆಕ್ಕ ಅರ್ಧಕ್ಕೇ ನಿಂತಿದ್ದರೂ. ತಂದೆಗೆ ಹೇಳಿದ್ದು ಒಂದೇ: ‘ಮುಗಿಯಿತೇ’ ಎಂದು ಕೇಳುವ ಬದಲು ‘ಇವತ್ತು ಯಾವುದು ತಾಳೆಯಾಗಲಿಲ್ಲ’ ಎಂದು ಕೇಳಿ.

ಇದು ಆಪ್ತಸಲಹೆಯಲ್ಲ, ಟ್ಯೂಷನ್ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಆತಂಕಕ್ಕೆ ಉಸಿರಾಟದ ಅಭ್ಯಾಸ, ಪೋಷಕರಿಗೆ ಒತ್ತಡ ಹಾಕಬೇಡಿ ಎಂಬ ತಿಳಿವಳಿಕೆ ಕೊಡಬೇಕಿತ್ತಂತೆ. ಕೊಡಬಹುದಿತ್ತು. ಆದರೆ ಒತ್ತಡ ಹಾಕಬೇಡಿ ಎಂದು ಹೇಳಿ ಕಳುಹಿಸಿದ ಎಷ್ಟೋ ತಂದೆಯರು ಮಾತೇ ನಿಲ್ಲಿಸಿ ಕೂತಿದ್ದನ್ನು ನೋಡಿದ್ದೇನೆ. ಮಕ್ಕಳಿಗೆ ಆ ಮೌನ ಇನ್ನೂ ಭಾರ. ಈ ಹುಡುಗಿಗೆ ಭಯವಿದ್ದದ್ದು ಭೌತಶಾಸ್ತ್ರದ ಬಗ್ಗೆಯಲ್ಲ, ತನ್ನ ಕೈಯ ಬಗ್ಗೆ. ಆ ಕೈ ಸರಿ ಬರೆದಿತ್ತೆಂಬ ಸಾಕ್ಷಿ ಅವಳ ಹಾಳೆಯಲ್ಲೇ ಒತ್ತಿಕೊಂಡಿರುವಾಗ ನನ್ನ ಸಮಾಧಾನದ ಮಾತು ಯಾರಿಗೆ ಬೇಕು? ಒಂದು ವಿಷಯದಲ್ಲಿ ಸಹೋದ್ಯೋಗಿಯ ಮಾತು ಸರಿ. ನಿದ್ದೆಯ ತೊಂದರೆ ಮೂರು ವಾರಕ್ಕೂ ಪೂರ್ತಿ ಹೋಗಲಿಲ್ಲ, ವೈದ್ಯರ ಬಳಿ ಕಳುಹಿಸಬೇಕಾಯಿತು. ಅದನ್ನು ಮೊದಲೇ ಮಾಡಬೇಕಿತ್ತು.

ಕೊನೆಯ ಭೇಟಿಗೆ ಪುಸ್ತಕ ತಂದಿದ್ದಳು. ಹಾಳೆಯ ತುಂಬ ಗೆರೆ ಎಳೆದ ಸಾಲುಗಳು, ಅಕ್ಷರ ಸ್ವಲ್ಪ ಕೆಟ್ಟಿತ್ತು. ರಸಾಯನಶಾಸ್ತ್ರದ್ದನ್ನೂ ತೋರಿಸು ಎಂದೆ. ನಕ್ಕು, ಚೀಲದ ಜಿಪ್ ಎಳೆದುಕೊಂಡಳು.