ಕೂಲರ್ ಹಚ್ಚೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಪ್ರಶ್ನೆ: ಮೇಡಂ, ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕೂಲರ್ ರಿಪೇರಿ ಮಾಡುತ್ತೇನೆ. ಮೊನ್ನೆ ಹೊರಗಿನ ಗಿರಾಕಿಯೊಬ್ಬರಿಗೆ ‘ಆನ್ ದ ಕೂಲರ್ ಸರ್’ ಅಂದೆ, ನಕ್ಕುಬಿಟ್ಟರು. ಟರ್ನ್ ಆನ್, ಸ್ವಿಚ್ ಆನ್, ಸ್ಟಾರ್ಟ್ ಅಪ್, ಬೂಟ್ ಅಪ್ ಎಲ್ಲಾ ಒಂದೇನಾ? ಎಲ್ಲಿ ಯಾವುದು ಹೇಳಬೇಕು?
– ಓದುಗ, ಕಲಬುರಗಿ

ಉತ್ತರ: ಬೇಜಾರಾಗಬೇಡಿ. ನಮ್ಮ ಕಡೆ ‘ಕೂಲರ್ ಹಚ್ಚು’ ಅಂದರೆ ಬೆಂಗಳೂರಿನವರೂ ಒಂದು ಗಳಿಗೆ ಗಾಬರಿಯಾಗುತ್ತಾರೆ, ಕೂಲರ್‌ಗೆ ಯಾಕೆ ಬೆಂಕಿ ಅಂತ! ದೀಪ ಹಚ್ಚುತ್ತಿದ್ದ ನಾವು ಲೈಟು, ಫ್ಯಾನು, ಟಿವಿಗೂ ಅದೇ ಮಾತು ಉಳಿಸಿಕೊಂಡೆವು. ಇಂಗ್ಲಿಷಿನದೂ ಇದೇ ಕಥೆ. ಟರ್ನ್ ಅಂದರೆ ತಿರುಗಿಸು. ಕರೆಂಟ್ ಬರುವ ಮೊದಲೇ ನೀರಿನ ನಳ, ಗ್ಯಾಸ್ ದೀಪದ ನಾಬ್ ತಿರುಗಿಸುವುದಕ್ಕೆ ಟರ್ನ್ ಆನ್ ಅನ್ನುತ್ತಿದ್ದರು. ಈಗ ಬಟನ್ ಒತ್ತಿದರೂ ಮಾತು ಹಳೆಯದೇ.

ನೀವು ಎಡವಿದ್ದು ಎಲ್ಲಿ ಗೊತ್ತಾ? ‘ಆನ್ ಮಾಡು’ ಅನ್ನುವಾಗ ಕೆಲಸವೆಲ್ಲ ‘ಮಾಡು’ವಿನದು. ಇಂಗ್ಲಿಷಿಗೆ ಹೋಗುವಾಗ ಅದನ್ನು ಇಲ್ಲೇ ಬಿಟ್ಟುಹೋದಿರಿ, ಆನ್ ಒಂಟಿಯಾಯಿತು. ಆ ಜಾಗಕ್ಕೆ ಟರ್ನ್ ಅಥವಾ ಸ್ವಿಚ್ ಹಾಕಿ. ಕೂಲರ್, ಫ್ಯಾನ್, ಲೈಟಿಗೆ ಎರಡೂ ನಡೆಯುತ್ತವೆ. ‘ಟರ್ನ್ ಆನ್ ದ ಕೂಲರ್’ ಸರಿ, ‘ಟರ್ನ್ ದ ಕೂಲರ್ ಆನ್’ ಕೂಡ ಸರಿ, ಆದರೆ ಕೂಲರ್ ಹೆಸರಿನ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ಟರ್ನ್ ಇಟ್ ಆನ್. ‘ಟರ್ನ್ ಆನ್ ಇಟ್’ ಅಂದರೆ ಮತ್ತೆ ನಗುತ್ತಾರೆ.

ಪ್ಲಗ್ ಇನ್ ಅಂದರೆ ಪಿನ್ ಚುಚ್ಚುವುದು, ಅಷ್ಟೇ. ನಮ್ಮ ಬೋರ್ಡಿನಲ್ಲಿ ಸ್ವಿಚ್ ಬೇರೆ ಇರುತ್ತಲ್ವಾ, ಹಾಗಾಗಿ ಫೋನಿನಲ್ಲಿ ಹೇಳುವಾಗ ‘ಪ್ಲಗ್ ಇಟ್ ಇನ್’ ಆದಮೇಲೆ ‘ಸ್ವಿಚ್ ಇಟ್ ಆನ್’ ಅಂತಲೂ ಹೇಳಿ, ಇಲ್ಲದಿದ್ದರೆ ಸುಮ್ನೆ ಒಂದು ಸಲ ಗಾಡಿ ಹತ್ತಿಕೊಂಡು ಹೋಗಬೇಕಾದೀತು. ಮೇ ತಿಂಗಳ ಬಿಸಿಲಿಗೆ ಗಾಳಿ ಸಾಲಲಿಲ್ಲವೋ, ಟರ್ನ್ ಇಟ್ ಅಪ್. ಇದು ಚಾಲೂ ಮಾಡುವುದಲ್ಲ, ಜಾಸ್ತಿ ಮಾಡುವುದು.

ಸ್ಟಾರ್ಟ್ ಅಪ್ ಎಂಜಿನ್, ಜನರೇಟರ್, ಕಂಪ್ಯೂಟರಿಗೆ ಒಪ್ಪುತ್ತದೆ. ಬೂಟ್ ಅಪ್ ಕಂಪ್ಯೂಟರಿನಂಥವಕ್ಕೆ ಮಾತ್ರ. ಬೂಟು ಎಳೆದು ಹಾಕಿಕೊಳ್ಳಲು ಹಿಂದೆ ಒಂದು ಪಟ್ಟಿ ಇರುತ್ತದೆ, ಅದೇ ಬೂಟ್‌ಸ್ಟ್ರ್ಯಾಪ್. ಅದನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಅನ್ನೋ ತಮಾಷೆಯಿಂದ ಈ ಮಾತು ಬಂತು. ಕಂಪ್ಯೂಟರಿನಲ್ಲೂ ಒಂದು ಪುಟ್ಟ ಪ್ರೋಗ್ರಾಂ ಮೊದಲು ಎದ್ದು ದೊಡ್ಡದನ್ನು ಎಬ್ಬಿಸುತ್ತದೆ.

ನೀವು ಕೇಳದ ಒಂದನ್ನೂ ಹೇಳಿಬಿಡುತ್ತೇನೆ. ‘ದ ಲೈಟ್ಸ್ ವೆಂಟ್ ಆಫ್’ ಅಂದರೆ ಲೈಟ್ ಹೋಯಿತು. ‘ದ ಅಲಾರಂ ವೆಂಟ್ ಆಫ್’ ಅಂದರೆ ಅಲಾರಂ ಹೊಡೆದುಕೊಂಡಿತು! ಹಾಸ್ಟೆಲಿನಲ್ಲಿ ರೂಂಮೇಟ್ ಹೀಗಂದಾಗ ನಾನು ಪಾಪ ಅಂತ ಅಂಗಡಿಗೆ ಹೋಗಿ ಅವಳ ಗಡಿಯಾರಕ್ಕೆ ಹೊಸ ಸೆಲ್ ತಂದುಕೊಟ್ಟಿದ್ದೆ.